ಗಾರೆಯ ಬೆರಳು

ಮುರಿಗೆಪ್ಪನಿಗೆ ಕೂತಲ್ಲಿ ಕೂರುವುದು ಗೊತ್ತಿರಲಿಲ್ಲ.

ಹನ್ನೆರಡು ವರ್ಷ ಅವನು ಯಾತ್ರೆಯ ಬಸ್ಸು ಓಡಿಸಿದವನು. ಕಾಶಿ, ಪುರಿ, ದ್ವಾರಕೆ, ರಾಮೇಶ್ವರ ಎಲ್ಲ ಕಂಡಿದ್ದ. ಕಂಡಿದ್ದ ಎಂದರೆ ಆ ಊರುಗಳಲ್ಲಿ ಬಸ್ಸು ನಿಲ್ಲಿಸುವ ಜಾಗ ಕಂಡಿದ್ದ. ಜನ ದರ್ಶನ ಮುಗಿಸಿ ಬರುವವರೆಗೆ ಗಾಜು ಒರೆಸುತ್ತ, ಟೈರಿಗೆ ಒದ್ದು ನೋಡುತ್ತ, ಮುಂದಿನ ಊರು ಎಷ್ಟು ದೂರ ಎಂದು ಯೋಚಿಸುತ್ತಿದ್ದ.

ಮೂವತ್ತೈದು ತುಂಬಿದ ವರ್ಷ ಒಂದು ದಿನ ಬಸ್ಸಿನ ಕೀಲಿಯನ್ನು ಮಾಲೀಕನ ಮೇಜಿನ ಮೇಲಿಟ್ಟು, ಮಲಪ್ರಭೆಯ ದಂಡೆಯಲ್ಲಿದ್ದ ಒಂದು ಸಣ್ಣ ಆಶ್ರಮಕ್ಕೆ ಬಂದ.

ಅಲ್ಲಿ ನಿಜಗುಣಯ್ಯನವರಿದ್ದರು. ಸುತ್ತಲಿನ ಜನರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು. ತನ್ನೊಳಗೆ ಏನೋ ಓಡುತ್ತಿದೆ, ಬಸ್ಸು ನಿಂತರೂ ಅದು ನಿಲ್ಲುವುದಿಲ್ಲ ಎಂದು ಮುರಿಗೆಪ್ಪ ಅವರಿಗೆ ಹೇಳಿದ. ಅಜ್ಜಾರು ಇರು ಎಂದರು.

ಮೂರು ವರ್ಷ ಇದ್ದ. ಕಸ ಗುಡಿಸಿದ, ನೀರು ಹೊತ್ತ, ಪಂಪ್‌ಸೆಟ್ ಬಿಚ್ಚಿ ಜೋಡಿಸಿದ. ಧ್ಯಾನಕ್ಕೆ ಕೂತರೆ ಮಾತ್ರ ಗಳಿಗೆಯೊಳಗೆ ಬಲಗಾಲು ಕುಣಿಯತೊಡಗುತ್ತಿತ್ತು. ಹುಣ್ಣಿಮೆಗೊಮ್ಮೆ ಮಂತ್ರೋಪದೇಶ ಕೊಡಿ ಎಂದು ಕೇಳುತ್ತಿದ್ದ. ಅಜ್ಜಾರು ಪ್ರತಿ ಸಲವೂ ನೋಡೋಣ ಎನ್ನುತ್ತಿದ್ದರು.

ನಾಲ್ಕನೆಯ ವರ್ಷ ಹಳೆಯ ಮಾಲೀಕ ಫೋನು ಮಾಡಿದ. ಹೊಸ ಬಸ್ಸು ತಂದಿದ್ದೇನೆ, ನೀನೇ ಬೇಕು ಎಂದ. ಒಂದು ತಿಂಗಳು ತಡೆಯಿರಿ ಎಂದ ಮುರಿಗೆಪ್ಪ. ಅಷ್ಟರೊಳಗೆ ಅಜ್ಜಾರು ಏನಾದರೂ ಕೊಟ್ಟರೆ ಸರಿ, ಇಲ್ಲದಿದ್ದರೆ ಹೊರಟುಬಿಡುವುದು ಎಂದು ಗಟ್ಟಿಮಾಡಿದ. ಈ ಮಾತನ್ನು ಯಾರಿಗೂ ಹೇಳಲಿಲ್ಲ.

ಆ ತಿಂಗಳಲ್ಲೇ ಬ್ಯಾಂಕಾಕಿನಿಂದ ಕರೆ ಬಂತು. ಅಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಶಾಂತವೀರಪ್ಪ ಎಂಬ ಭಕ್ತ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಅಜ್ಜಾರ ಪಾದ ಬೀಳಬೇಕೆಂದು ಹಟ ಹಿಡಿದ. ಅಜ್ಜಾರಿಗೆ ಎಪ್ಪತ್ನಾಲ್ಕು ವರ್ಷ, ಮೊಣಕಾಲು ನೋವು ಬೇರೆ. ಜೊತೆಗೆ ಮುರಿಗೆಪ್ಪನನ್ನು ಕರೆದುಕೊಂಡು ಹೊರಟರು.

ಗೃಹಪ್ರವೇಶ ಮುಗಿಯಿತು. ಈ ದೇಶದಲ್ಲಿ ಅಯೋಧ್ಯೆಯ ಹೆಸರು ಹೊತ್ತ ಒಂದು ಊರಿದೆಯಂತೆ, ಅದನ್ನು ನೋಡಬೇಕು ಎಂದರು ಅಜ್ಜಾರು. ಶಾಂತವೀರಪ್ಪನ ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ದಾರಿಯಲ್ಲಿ ಕಷ್ಟವಾಗದಿರಲಿ ಎಂದು ಮುರಿಗೆಪ್ಪನ ಫೋನಿಗೆ ಭಾಷೆ ಬದಲಿಸುವ ಆ್ಯಪ್ ಹಾಕಿಕೊಟ್ಟಳು. ಒಂದು ರಾತ್ರಿ ಉಳಿದು ಮರಳಿ ಬರುವುದೆಂದು ಮಾತಾಯಿತು. ಇಬ್ಬರೂ ರೈಲು ಹತ್ತಿದರು.

ಆ ಊರು ಅಯುತ್ಥಾಯ. ಸುತ್ತಲೂ ನದಿಗಳು, ನಡುವೆ ಹಳೆಯ ರಾಜಧಾನಿ. ಎರಡೂವರೆ ಶತಮಾನದ ಹಿಂದೆ ಬರ್ಮಾದ ಸೈನ್ಯ ಬಂದು ಸುಟ್ಟು ಹೋದ ಊರು. ಸೂರು ಹೋಗಿ ಇಟ್ಟಿಗೆ ಉಳಿದಿದೆ. ಸಾಲುಸಾಲು ಬುದ್ಧರು ಕೂತಿದ್ದಾರೆ. ಬಹಳಷ್ಟು ಮಂದಿಗೆ ತಲೆಯಿಲ್ಲ.

ಮುರಿಗೆಪ್ಪ ರೈಲಿನಲ್ಲೇ ಪಟ್ಟಿ ಮಾಡಿಕೊಂಡಿದ್ದ. ಹದಿನಾಲ್ಕು ಗುಡಿ, ಒಂದೇ ಹಗಲು.

ಮೊದಲನೆಯ ಗುಡಿಯಲ್ಲೇ ಅಜ್ಜಾರು ಒಂದು ಮರದ ನೆರಳು ಹಿಡಿದು ಕೂತರು. ತನಗೆ ಇಷ್ಟು ಸಾಕು, ನೀನು ನೋಡಿಕೊಂಡು ಬಾ ಎಂದರು. ಮುರಿಗೆಪ್ಪ ಒಂದು ಟುಕ್‌ಟುಕ್ ಹಿಡಿದ. ನಮ್ಮ ಆಟೋದಂಥ ಗಾಡಿ, ಮುಂಭಾಗ ಮಾತ್ರ ಕಪ್ಪೆಯ ಮೂತಿಯ ಹಾಗೆ.

ಇಳಿದ, ಸುತ್ತಿದ, ಫೋಟೋ ತೆಗೆಸಿಕೊಂಡ, ಹತ್ತಿದ. ಮತ್ತೆ ಇಳಿದ. ಬಿಸಿಲು ಏರಿತು, ಇಳಿಯಿತು. ಯಾವ ಗುಡಿಗೆ ಹೋದರೂ ಆ ತಲೆಯಿಲ್ಲದವರು ಕೂತೇ ಇದ್ದರು. ಅವರ ಎದುರು ನಿಂತರೆ ಅವನಿಗೆ ಎದೆಯಲ್ಲಿ ಏನೋ ಕಸಿವಿಸಿ. ಬೇಗ ಮುಂದಕ್ಕೆ ಹೋಗುತ್ತಿದ್ದ.

ಒಂದು ಕಡೆ ಹುಲ್ಲಿನಲ್ಲಿ ಬೆಳ್ಳಗೆ ಏನೋ ಕಂಡಿತು. ಬಗ್ಗಿ ನೋಡಿದ. ಗಾರೆಯ ಬೆರಳು. ಒಂದು ಗೆಣ್ಣಿನಷ್ಟು ಉದ್ದ, ತುದಿಯಲ್ಲಿ ಉಗುರು ಕೂಡ ಇತ್ತು.

ಸುತ್ತ ಯಾರೂ ಇರಲಿಲ್ಲ. ಮೂರು ವರ್ಷ ಕೇಳಿದರೂ ಯಾರೂ ಏನೂ ಕೊಡಲಿಲ್ಲ, ಇದು ತಾನಾಗಿ ಸಿಕ್ಕಿತು ಎಂದುಕೊಂಡ. ಬೆರಳನ್ನು ಕಿಸೆಗೆ ಹಾಕಿ, ಹಿಂದೆ ತಿರುಗಿ ನೋಡದೆ ಗಾಡಿ ಹತ್ತಿದ.

ಸಂಜೆ ನದಿಯ ಹತ್ತಿರದ ವಸತಿಗೃಹದಲ್ಲಿ ಇಬ್ಬರೂ ರೊಟ್ಟಿ ಬಿಚ್ಚಿದರು. ಏನೇನು ನೋಡಿದೆ ಎಂದು ಅಜ್ಜಾರು ಕೇಳಿದರು. ಹದಿನಾಲ್ಕೂ ಮುಗಿಸಿದೆ ಎಂದ ಮುರಿಗೆಪ್ಪ. ಬುದ್ಧರು ಯಾವ ದಿಕ್ಕಿಗೆ ಮುಖ ಮಾಡಿದ್ದರು ಎಂದು ಕೇಳಿದರು. ಅವರಿಗೆ ಮುಖವೇ ಇರಲಿಲ್ಲ ಎಂದ.

ಆಮೇಲೆ ಕಿಸೆಯಿಂದ ಬೆರಳು ತೆಗೆದು, ಎರಡೂ ಕೈಯಿಂದ ಅವರ ಮುಂದಿಟ್ಟ. ನಿಮಗೆಂದೇ ತಂದೆ, ನಮ್ಮ ಆಶ್ರಮದಲ್ಲಿ ಇಟ್ಟು ಪೂಜೆ ಮಾಡೋಣ ಎಂದ. ಹೇಳುವಾಗ ಅವನಿಗೇ ಅದು ನಿಜ ಅನ್ನಿಸಿತು.

ಅಜ್ಜಾರು ಅದನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದರು.

"ಬೆರಳು ಇಲ್ಲೈತಿ. ಕೈ ಎಲ್ಲೈತಿ?"

"ನೆನಪಿಲ್ರಿ ಅಜ್ಜಾರ."

"ಹೋಗಿ ಇಟ್ಟು ಬಾ."

"ಎಲ್ಲಿ ಇಡ್ಲಿರಿ?"

"ತಗೊಂಡಲ್ಲಿ."

ಮುರಿಗೆಪ್ಪ ವಾದ ಮಾಡಿದ. ಇಡೀ ಊರೇ ಮುರಿದು ಬಿದ್ದಿದೆ, ಯಾರಾದರೂ ಒಬ್ಬ ಬುದ್ಧನ ಮುಂದೆ ಇಟ್ಟರಾಯಿತು, ಎಲ್ಲ ಬುದ್ಧರೂ ಒಂದೇ ಅಲ್ಲವೇ ಎಂದ.

"ನಿನ್ನ ಬೆರಳು ತುಂಡಾದ್ರ, ಡಾಕ್ಟರು ನನ್ನ ಕೈಗೆ ಹೊಲದ್ರ ನಡೀತೈತೇನು?"

ಅಜ್ಜಾರು ಅಷ್ಟೇ ಹೇಳಿ ಕೈತೊಳೆದರು. ಆಮೇಲೆ ತಾವೇ ಶಾಂತವೀರಪ್ಪನಿಗೆ ಫೋನು ಮಾಡಿಸಿ, ನಾಳೆ ಬರುವುದಿಲ್ಲ, ಇಲ್ಲಿ ಒಂದು ಕೆಲಸ ಉಳಿದಿದೆ ಎಂದು ತಿಳಿಸಿದರು.

ಮರುದಿನ ಬೆಳಿಗ್ಗೆ ವಸತಿಗೃಹದ ಗೋಡೆಯ ಮೇಲಿದ್ದ ಒಂದು ಸೂಚನೆಯನ್ನು ಮುರಿಗೆಪ್ಪ ಫೋನಿಗೆ ತೋರಿಸಿ ಓದಿಸಿದ. ಗುಡಿಗಳಿಂದ ಒಂದು ಇಟ್ಟಿಗೆ ಚೂರು ಎತ್ತಿದರೂ ಶಿಕ್ಷೆ ಎಂದಿತ್ತು. ಅವನು ಕಿಸೆಯನ್ನು ಒತ್ತಿ ಹಿಡಿದುಕೊಂಡ. ಅಜ್ಜಾರ ಮೇಲೆ ಸಿಟ್ಟೂ ಬಂತು.

ಒಂದು ಸೈಕಲ್ಲು ಬಾಡಿಗೆಗೆ ಹಿಡಿದ. ಗುರುತು ಸಿಕ್ಕೀತೆಂದು ಹಿಂದಿನ ದಿನದ ಫೋಟೋಗಳನ್ನು ತೆರೆದ. ಎಲ್ಲದರಲ್ಲೂ ಅವನೇ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಹೆಗಲಿನ ಹಿಂದೆ ಒಂದಿಷ್ಟು ಕೆಂಪು ಇಟ್ಟಿಗೆ. ಯಾವ ಗುಡಿಯೆಂದು ಫೋಟೋ ಹೇಳಲಿಲ್ಲ.

ಪಟ್ಟಿ ಹಿಡಿದು ಮೊದಲಿನಿಂದ ಹೊರಟ. ಈ ಸಲ ಕೈಗಳನ್ನು ನೋಡಿದ. ಬಲಗೈ ಮಂಡಿಯ ಮೇಲಿಂದ ಇಳಿದು ನೆಲ ಮುಟ್ಟುತ್ತದೆ, ಎಡಗೈ ಮಡಿಲಲ್ಲಿ ಅಂಗಾತ ಮಲಗಿರುತ್ತದೆ ಎಂಬುದು ಅವನಿಗೆ ಆಗ ಗೊತ್ತಾಯಿತು. ಕೆಲವರಿಗೆ ಬೆರಳಿಲ್ಲ, ಕೆಲವರಿಗೆ ಮುಂಗೈಯೇ ಇಲ್ಲ. ಎಲ್ಲೂ ಅವನ ಕಿಸೆಯ ತುಂಡು ಕೂಡಲಿಲ್ಲ.

ಒಂದು ಗುಡಿಯ ಕಾವಲುಗಾರ ಹತ್ತಿರ ಬಂದಾಗ ಕಿಸೆಯ ಮೇಲೆ ಕೈ ಮುಚ್ಚಿ, ಸೈಕಲ್ಲು ತುಳಿದು ಹೊರಟೇಬಿಟ್ಟ. ಹಾಗೆ ಏಳು ಗುಡಿ ಸುತ್ತುವಷ್ಟರಲ್ಲಿ ಬಿಸಿಲಿಗೆ ತಲೆ ಸಿಡಿಯುತ್ತಿತ್ತು.

ಮಧ್ಯಾಹ್ನದ ಮೇಲೆ ಸೇತುವೆಯ ಮೇಲೆ ನಿಂತ. ಬೆರಳನ್ನು ಕೈಯಲ್ಲಿ ಹಿಡಿದು ನೀರಿನ ಮೇಲೆ ಚಾಚಿದ. ಎಸೆದರೆ ಮುಗಿಯಿತು. ಕೈ ಬಿಚ್ಚಲಿಲ್ಲ. ಯಾಕೆಂದು ಅವನಿಗೂ ತಿಳಿಯಲಿಲ್ಲ.

ಸೇತುವೆಯ ಆಚೆ ಒಂದು ಸಣ್ಣ ಗುಡಿಯಿತ್ತು. ಜನ ಈಗಲೂ ಬಂದು ಪೂಜೆ ಮಾಡುವ ಗುಡಿ. ಬುದ್ಧನ ಮೈಮೇಲೆ ಹಳದಿ ವಸ್ತ್ರ, ಮಡಿಲ ತುಂಬ ಹೂಮಾಲೆ. ಮುರಿಗೆಪ್ಪ ಆ ಹೂಗಳ ನಡುವೆ ಬೆರಳನ್ನು ತೂರಿಸಿ, ಅಡ್ಡಬಿದ್ದು, ಹೊರಗೆ ಬಂದ. ಬರುವಾಗ ಸೈಕಲ್ಲು ಹಗುರಾಗಿತ್ತು.

ಇಟ್ಟು ಬಂದೆ ಎಂದು ಅಜ್ಜಾರಿಗೆ ಹೇಳಿದ.

"ಯಾವ ಬೆರಳಾಗಿತ್ತು?"

"ಕಿರುಬೆರಳು ರೀ. ಬಲಗೈದು."

"ಭಾಳ ಚಲೋ ಆತು. ನಾಳೆ ನನಗೂ ತೋರ್ಸು. ಕೂಡಿದ ಕೈ ನೋಡಬೇಕು."

ಮುರಿಗೆಪ್ಪ ಆ ಸಂಜೆ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟ. ಎದ್ದು ಅಂಗಳಕ್ಕೆ ಹೋದ, ಒಳಗೆ ಬಂದ, ಮತ್ತೆ ಹೋದ. ಅಜ್ಜಾರು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಬೆಳಿಗ್ಗೆ ಅಜ್ಜಾರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಅವನು ಬಾಗಿಲಿಗೆ ಅಡ್ಡ ನಿಂತ.

"ಸುಳ್ಳು ಹೇಳೀನ್ರಿ ಅಜ್ಜಾರ. ಕೈ ಸಿಗಲಿಲ್ಲ. ಎಲ್ಲೋ ಇಟ್ಟು ಬಂದೀನಿ."

"ಗೊತ್ತೈತಿ," ಎಂದರು ಅಜ್ಜಾರು. "ನಡಿ, ಮೊದಲು ಅದನ್ನ ತಗೊಂಡು ಬರೂಣು."

ಸೇತುವೆಯಾಚೆಯ ಗುಡಿಗೆ ಹೋದರು. ಬುದ್ಧನ ಮಡಿಲು ಬರಿದಾಗಿತ್ತು. ಹಿಂದಿನ ದಿನದ ಮಾಲೆಗಳನ್ನೆಲ್ಲ ತೆಗೆದು ಹಾಕಿದ್ದರು.

ಹಿತ್ತಲಿನಲ್ಲಿ ಬಾಡಿದ ಹೂವಿನ ರಾಶಿ ಕಂಡಿತು. ಮುರಿಗೆಪ್ಪ ಮಂಡಿಯೂರಿ ಎರಡೂ ಕೈಯಿಂದ ಕೆದಕತೊಡಗಿದ. ಅಂಗಿಗೆ ಕೊಳೆತ ಹೂವಿನ ನೀರು ಮೆತ್ತಿತು. ಬೆರಳು ಸಿಗಲಿಲ್ಲ. ಒಬ್ಬರ ಕೈಯಿಂದ ಬಿದ್ದದ್ದನ್ನು ಎತ್ತಿಕೊಂಡಿದ್ದಾಯಿತು, ಈಗ ಅದನ್ನೂ ಕಳೆದುಬಿಟ್ಟೆ ಎಂದುಕೊಂಡು ಮತ್ತೆ ರಾಶಿಯ ಬುಡಕ್ಕೆ ಕೈಹಾಕಿದ.

ಪೊರಕೆ ಹಿಡಿದ ಒಬ್ಬ ಹೆಂಗಸು ಅವನನ್ನೇ ನೋಡುತ್ತ ನಿಂತಿದ್ದಳು. ಅರವತ್ತು ದಾಟಿದ್ದಿರಬೇಕು. ಆ ಗುಡಿಯ ಕಸ ತೆಗೆಯುವವಳು. ಅಲ್ಲಿಯವರು ಅವಳನ್ನು ಪಾ ಲಮ್ಯೈ ಎಂದು ಕರೆಯುತ್ತಿದ್ದರು. ಪಾ ಎಂದರೆ ದೊಡ್ಡವ್ವ.

ಮುರಿಗೆಪ್ಪ ತನ್ನ ಬೆರಳನ್ನು ತೋರಿಸಿ, ಅದನ್ನು ಮುರಿದಂತೆ ಮಾಡಿ ತೋರಿಸಿದ. ಅವಳು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದಳು. ಅದರ ತುಂಬ ಕಾಗದದ ಸಣ್ಣ ಸಣ್ಣ ಪೊಟ್ಟಣ. ಕಸ ಗುಡಿಸುವಾಗ ಸಿಕ್ಕ ಗಾರೆ, ಹೆಂಚು, ಬಣ್ಣದ ಗಾಜು. ಒಂದೊಂದರ ಮೇಲೂ ಎಲ್ಲಿ ಸಿಕ್ಕಿತೆಂದು ಬರೆದಿತ್ತು. ಎಲ್ಲಕ್ಕಿಂತ ಮೇಲಿದ್ದ ಪೊಟ್ಟಣದಲ್ಲಿ ಬೆರಳಿತ್ತು. ಅದರ ಮೇಲೆ ಮಾತ್ರ ಏನೂ ಬರೆದಿರಲಿಲ್ಲ.

ಮುರಿಗೆಪ್ಪ ಫೋನು ಮುಂದೆ ಹಿಡಿದ. ಅವಳು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಫೋನು ಪುಸ್ತಕದ ಕನ್ನಡದಲ್ಲಿ ನುಡಿಯಿತು.

"ಇದು ನಮ್ಮ ಬುದ್ಧನದಲ್ಲ. ನಮ್ಮ ಬುದ್ಧನಿಗೆ ಹತ್ತು ಬೆರಳುಗಳೂ ಇವೆ. ನಾನು ದಿನವೂ ಒರೆಸುತ್ತೇನೆ."

ಅವಳು ಬೆರಳನ್ನು ಬಿಸಿಲಿಗೆ ಹಿಡಿದು ಮುರಿದ ತುದಿ ನೋಡಿದಳು. ಉಗುರಿನಿಂದ ಸ್ವಲ್ಪ ಕೆರೆದಳು. ಇಲ್ಲಿಯ ಗಾರೆಯಲ್ಲಿ ಹೊಳೆಯ ಮರಳಿದೆ, ಇದು ಬೆಳ್ಳಗಿದೆ, ಚಿಪ್ಪಿನ ಚೂರು ಬೆರೆತಿದೆ, ಕಾಲುವೆಯ ಆಚೆ ಉತ್ತರಕ್ಕೆ ಒಂದು ಗುಡಿಯಿದೆ, ಅಲ್ಲಿಯದಿರಬೇಕು ಎಂದಳು. ಮೂವತ್ತು ವರ್ಷದಿಂದ ಈ ಊರಿನ ಗುಡಿಗಳ ಕಸ ಹೊಡೆದವಳು. ಕಾಲುವೆಯ ಆಚೆಯ ಗುಡಿ ಮುರಿಗೆಪ್ಪನ ಪಟ್ಟಿಯಲ್ಲಿತ್ತು. ಹನ್ನೊಂದನೆಯದು.

ನಿನಗೆ ಹೇಗೆ ಸಿಕ್ಕಿತು ಎಂದು ಅವಳು ಕೇಳಿದಳು. ಅವನು ಮೊದಲು ಹುಲ್ಲನ್ನು, ಆಮೇಲೆ ತನ್ನ ಕಿಸೆಯನ್ನು ಮುಟ್ಟಿ ತೋರಿಸಿ ತಲೆ ತಗ್ಗಿಸಿದ. ಅವಳು ಬಯ್ಯಲಿಲ್ಲ. ಪೊರಕೆಯನ್ನು ಗೋಡೆಗೆ ಆನಿಸಿ ತನ್ನ ಮೋಟರ್‌ಸೈಕಲ್ಲು ಹತ್ತಿದಳು. ಅಜ್ಜಾರೂ ಮುರಿಗೆಪ್ಪನೂ ಟುಕ್‌ಟುಕ್‌ನಲ್ಲಿ ಹಿಂದೆ ಹೋದರು.

ಆ ಗುಡಿಗೆ ಸೂರಿರಲಿಲ್ಲ. ಉದ್ದನೆಯ ಗೋಡೆಯ ಬುಡದಲ್ಲಿ ಸಾಲಾಗಿ ಇಪ್ಪತ್ತೆರಡು ಬುದ್ಧರು. ಅಜ್ಜಾರು ಒಂದು ತುದಿಯಲ್ಲಿ ಕಟ್ಟೆಯ ಮೇಲೆ ಕಾಲು ನೀಡಿ ಕೂತರು. ಮುರಿಗೆಪ್ಪ ಇನ್ನೊಂದು ತುದಿಯಿಂದ ಶುರುಮಾಡಿದ.

ನಿಂತು ನೋಡಿದರೆ ಕಾಣುತ್ತಿರಲಿಲ್ಲ. ಒಬ್ಬೊಬ್ಬರ ಎದುರೂ ಮಂಡಿಯೂರಬೇಕಾಯಿತು.

ಒಂದು ಅಂಗೈಯಲ್ಲಿ ಪಾಚಿ ಹಬ್ಬಿತ್ತು. ಒಂದರಲ್ಲಿ ಹಿಂದಿನ ಮಳೆಯ ನೀರು ಒಂದು ಚಮಚೆಯಷ್ಟು ನಿಂತಿತ್ತು. ಒಂದರಲ್ಲಿ ಯಾರೋ ಒಣ ಮಲ್ಲಿಗೆ ಇಟ್ಟು ಹೋಗಿದ್ದರು. ಒಂದಕ್ಕೆ ಕೈಯೇ ಇರಲಿಲ್ಲ, ಗಾರೆ ಉದುರಿ ಒಳಗಿನ ಇಟ್ಟಿಗೆ ಕಾಣುತ್ತಿತ್ತು.

ಇನ್ನೊಂದು ವಿಚಿತ್ರ ಅವನ ಕಣ್ಣಿಗೆ ಬಿತ್ತು. ಈ ಬುದ್ಧರಿಗೆ ಹೆಬ್ಬೆರಳು ಬಿಟ್ಟರೆ ಉಳಿದ ನಾಲ್ಕೂ ಬೆರಳು ಒಂದೇ ಉದ್ದ. ಕೈಬೆರಳು ಒಂದೇ ಸಮ ಇರುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದ. ಇಲ್ಲಿ ಸಮ ಇದ್ದವು. ಕಿರುಬೆರಳು ಎಂದು ತಾನು ಹೇಳಿದ ಸುಳ್ಳು ನೆನಪಾಗಿ ಮುಖ ಬಿಸಿಯಾಯಿತು. ಉದ್ದ ನೋಡಿ ಗುರುತು ಹಿಡಿಯುವಂತಿಲ್ಲ, ಒಂದೊಂದಕ್ಕೂ ಹಿಡಿದೇ ನೋಡಬೇಕು.

ಹಿಡಿದು ನೋಡಿದ. ಕೂಡಲಿಲ್ಲ. ಮುಂದಕ್ಕೆ ಸರಿದ. ಮಂಡಿ ಉರಿಯುತ್ತಿತ್ತು. ಹದಿನೈದು ಮುಗಿದವು, ಹದಿನೆಂಟು ಮುಗಿದವು. ಇಲ್ಲಿಯೂ ಅಲ್ಲ ಎನ್ನಿಸತೊಡಗಿತು. ಎದ್ದು ಓಡಬೇಕು ಅನ್ನಿಸಿತು, ಮತ್ತೆ ಮಂಡಿಯೂರಿದ.

ಇಪ್ಪತ್ತನೆಯವನ ಎಡಗೈ ಮಡಿಲಲ್ಲಿ ಅಂಗಾತ ಮಲಗಿತ್ತು. ಮೂರನೆಯ ಬೆರಳು ಅರ್ಧವಿತ್ತು. ಮುರಿಗೆಪ್ಪ ತುಂಡನ್ನು ಅದರ ತುದಿಗೆ ತಂದ. ಅಂಚಿಗೆ ಅಂಚು ಕಚ್ಚಿ, ಬಿರುಕು ಕೂದಲೆಳೆಯಷ್ಟಾಯಿತು.

ಕೈ ಬಿಟ್ಟರೆ ಬೀಳುತ್ತದೆಂದು ಅವನು ಹಾಗೇ ಹಿಡಿದುಕೊಂಡ. ತನ್ನ ಅಂಗೈಯನ್ನು ಆ ಅಂಗೈಯ ಪಕ್ಕಕ್ಕೆ ಆನಿಸಿ ಕೂತ. ತಲೆಯೆತ್ತಿ ನೋಡಿದ, ಮೇಲೆ ಕುತ್ತಿಗೆಯವರೆಗೆ ಮೈಯಿತ್ತು, ಅದರ ಮೇಲೆ ಆಕಾಶ. ನಿನ್ನೆ ಮೊನ್ನೆಯ ಹಾಗೆ ಕಸಿವಿಸಿಯಾಗಲಿಲ್ಲ. ಅಳು ಬಂತು. ಅಳುತ್ತಲೇ ಬೆರಳು ಅಲುಗದಂತೆ ಹಿಡಿದಿದ್ದ.

ಎಷ್ಟು ಹೊತ್ತಾಯಿತೋ, ಪಾ ಲಮ್ಯೈ ಭುಜ ಮುಟ್ಟಿದಾಗ ನೋಡಿದರೆ ಗೋಡೆಯ ನೆರಳು ಅವನನ್ನು ದಾಟಿ ಹೋಗಿತ್ತು.

ಅವಳು ಬೆರಳನ್ನು ತೆಗೆದುಕೊಂಡು ಕಾಗದದಲ್ಲಿ ಸುತ್ತಿದಳು. ಗುಡಿಯ ಹೆಸರು, ಇಪ್ಪತ್ತನೆಯ ಬುದ್ಧ, ಎಡಗೈ ಎಂದು ಬರೆದಳು. ಪುರಾತತ್ವ ಇಲಾಖೆಯವರಿಗೆ ಕೊಟ್ಟರೆ ಕೆಲಸಗಾರರು ಬಂದು ಸರಿಯಾಗಿ ಕೂರಿಸುತ್ತಾರೆ ಎಂದಳು. ಆಮೇಲೆ ಪೆನ್ನು ನಿಲ್ಲಿಸಿ ಏನೋ ಯೋಚಿಸಿ ಫೋನಿಗೆ ಹೇಳಿದಳು.

"ಹುಲ್ಲಿನಲ್ಲಿ ಸಿಕ್ಕಿತು ಎಂದು ಬರೆಯುತ್ತೇನೆ. ನೀವು ನಿಮ್ಮ ಊರಿಗೆ ಹೋಗಿ."

ಮುರಿಗೆಪ್ಪ ಅಜ್ಜಾರ ಕಡೆ ನೋಡಿದ. ಅವರು ಮೊಣಕಾಲು ತಿಕ್ಕಿಕೊಳ್ಳುತ್ತ ಬೇರೆಲ್ಲೋ ನೋಡುತ್ತಿದ್ದರು. ಸೆರೆಮನೆ ನೆನಪಾಯಿತು. ಹೊಸ ಬಸ್ಸೂ ನೆನಪಾಯಿತು. ಹುಲ್ಲಿನಲ್ಲಿ ಸಿಕ್ಕಿದ್ದು ಸುಳ್ಳೇನೂ ಅಲ್ಲ.

ಅವನು ಫೋನನ್ನು ಬಾಯಿಯ ಹತ್ತಿರ ತಂದ.

"ಸಿಕ್ಕಿದ್ದು ಖರೆ. ಆದ್ರ ನಾ ಕಿಸೆದಾಗ ಹಾಕ್ಕೊಂಡು ಹೋಗಿದ್ದೆ. ಹಂಗ ಬರೀರಿ. ನನ್ನ ಹೆಸರು ಮುರಿಗೆಪ್ಪ."

ಫೋನಿಗೆ ಅವನ ಮಾತು ತಿಳಿಯಲಿಲ್ಲ. ಮತ್ತೆ ಹೇಳಿ ಎಂದಿತು. ಅವನು ಶಾಲೆಯಲ್ಲಿ ಪಾಠ ಓದಿದಂತೆ ಬಿಡಿಬಿಡಿಯಾಗಿ, ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ. "ನಾನು ಇದನ್ನು ಕದ್ದಿದ್ದೆನು."

ಪಾ ಲಮ್ಯೈ ಅವನ ಮುಖ ನೋಡಿದಳು. ಆಮೇಲೆ ಬರೆದಳು.

ಮರುದಿನ ಇಲಾಖೆಯ ಕಚೇರಿಗೆ ಹೋದರು. ಅಧಿಕಾರಿ ಪಾಸ್‌ಪೋರ್ಟ್ ತೆಗೆದುಕೊಂಡು, ಮಧ್ಯಾಹ್ನದವರೆಗೆ ಕೂರಿಸಿದ. ಕೇಳಿದ್ದನ್ನೇ ಮೂರು ಸಲ ಕೇಳಿದ. ಇದಕ್ಕೆ ಜೈಲಿಗೂ ಹಾಕಬಹುದು ಎಂದ. ಪಾ ಲಮ್ಯೈ ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿದ್ದಳು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಕೊನೆಗೆ ಅಧಿಕಾರಿ ಒಂದು ಹೇಳಿಕೆ ಬರೆಸಿ, ಸಹಿ ಹಾಕಿಸಿ, ತಾನಾಗಿ ತಂದು ಒಪ್ಪಿಸಿದ್ದಕ್ಕೆ ಈ ಸಲ ಬಿಡುತ್ತೇನೆ ಎಂದ. ಮಳೆಗಾಲಕ್ಕೆ ಮುಂಚೆ ಬೆರಳು ಅದರ ಜಾಗದಲ್ಲಿ ಇರುತ್ತದೆ ಎಂದೂ ಹೇಳಿದ.

ಪಾ ಲಮ್ಯೈ ಕೈಮುಗಿದು ತನ್ನ ಕೆಲಸಕ್ಕೆ ಹೋದಳು. ಮುರಿಗೆಪ್ಪ ಅವಳು ರಸ್ತೆಯ ತಿರುವು ದಾಟುವವರೆಗೆ ಕೈಮುಗಿದೇ ನಿಂತಿದ್ದ.

ರೈಲಿಗೆ ಇನ್ನೂ ಹೊತ್ತಿತ್ತು. ಕಚೇರಿಯ ಜಗುಲಿಯ ಮೇಲೆ ಇಬ್ಬರೂ ಕೂತರು. ಸ್ವಲ್ಪ ಹೊತ್ತಿಗೇ ಮುರಿಗೆಪ್ಪನ ಬಲಗಾಲು ಮತ್ತೆ ಕುಣಿಯತೊಡಗಿತು. ಅವನು ಅದನ್ನು ಕೈಯಿಂದ ಒತ್ತಿ ಹಿಡಿದ. ಬಿಟ್ಟ ಕೂಡಲೇ ಮತ್ತೆ ಕುಣಿಯಿತು.

ಆಗ ಅವನು ಎಲ್ಲ ಹೇಳಿದ. ಮಾಲೀಕ ಫೋನು ಮಾಡಿದ್ದು, ತಾನು ಬಿಟ್ಟು ಹೋಗಬೇಕೆಂದು ಮಾಡಿದ್ದು, ಬೆರಳು ಎತ್ತಿಕೊಂಡಾಗ ಮನಸ್ಸಿನಲ್ಲಿ ಅಜ್ಜಾರನ್ನೇ ದೂರಿದ್ದು.

"ನನಗ ಮಂತ್ರ ಬ್ಯಾಡ್ರಿ ಅಜ್ಜಾರ," ಎಂದ ಮುರಿಗೆಪ್ಪ. "ಈ ಚಡಪಡಿಕಿ ಒಂದನ್ನ ನನ್ನೊಳಗಿಂದ ಕಿತ್ತು ಹಾಕ್ರಿ. ಇದ ನನ್ನ ಕೈಲೆ ಕಳವು ಮಾಡಸ್ತು."

ಅಜ್ಜಾರು ಅವನ ಭುಜ ಹಿಡಿದು ನಿಧಾನಕ್ಕೆ ಎದ್ದು ನಿಂತರು.

"ಅದನ್ನ ಕಿತ್ತು ಹಾಕಿದ್ದಿದ್ರ, ಆ ಕೈ ಹುಡುಕ್ಕೊಂತ ಯಾರು ತಿರಗ್ತಿದ್ರಪಾ?"